ಎಡಗೈಯ ಕುಂಕುಮ

ಪಕ್ಕದ ಮನೆಯ ಅಕ್ಕನ ಬಲಗೈ ತೆಂಗಿನ ನಾರಿನ ಮಿಷನ್ನಿಗೆ ಸಿಕ್ಕಿ ಹೋಗಿತ್ತು. ‘ಇರೋ ಕೈ ಸಾಕು ಬುಡು’ ಎನ್ನುವುದು ಅವಳ ಮಾತು. ಕೈಕಾಲು ಕಳೆದುಕೊಂಡವರದೊಂದು ಸಂಘ ಕಟ್ಟುತ್ತೇನೆಂದು ಹೊನ್ನವಳ್ಳಿ ಸುತ್ತಮುತ್ತೆಲ್ಲ ಹೇಳಿಬಂದಳು. ಡಿಗ್ರಿ ಓದಿದವಳೆಂದು ನನ್ನನ್ನೂ ಪಕ್ಕ ಕೂರಿಸಿಕೊಂಡಳು.

ಮೊದಲ ಸಭೆಗೆ ಬಂದವಳು ಒಬ್ಬಳೇ ಹುಡುಗಿ, ಅತ್ತೆಯ ಜೊತೆ. ಮೊಂಡಾದ ಬಲತೋಳಿನ ಮೇಲೆ ಸೆರಗು ಎಳೆದು ಬಿಗಿಯಾಗಿ ಹಿಡಿದಿದ್ದಳು. ಅಕ್ಕ ಎಡಗೈಯಲ್ಲಿ ಕುಂಕುಮದ ಬಟ್ಟಲು ಚಾಚಿದಳು.

‘ಎಡಗೈಲಿ ಯಾರಾದ್ರೂ ಕುಂಕುಮ ಕೊಡ್ತಾರಾ? ಏಳೇ, ಹೋಗಾನ!’ ಅತ್ತೆ ಎದ್ದೇಬಿಟ್ಟಳು.

ಹುಡುಗಿಯೂ ಎದ್ದರೆ ಸಂಘ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಕೈ ಹಿಂದೆಳೆಯಲಿಲ್ಲ.

‘ನಂಗಿರೋದು ಇದೊಂದೇ ಕಣವ್ವಾ.’

ಹುಡುಗಿ ಸೆರಗು ಬಿಟ್ಟಳು. ತನ್ನ ಎಡಗೈಯಿಂದಲೇ ಕುಂಕುಮ ತೆಗೆದು ಹಣೆಗಿಟ್ಟುಕೊಂಡಳು. ಆಮೇಲೆ ಕೆಂಪಾದ ಬೆರಳನ್ನು ಮೇಲಕ್ಕೆತ್ತಿ ಕೇಳಿದಳು:

‘ಅತ್ತೇ, ನಿಮ್ಗೂ ಇಕ್ಲಾ?’