ಗಾಳಿಗೊಂದು ದಾರಿ

ಮಡಂತ್ಯಾರು ಪೇಟೆಯ ಶಾಫಿ ವಸ್ತುಗಳನ್ನು ಬರೆದೇ ಮಾಡುತ್ತಾನೆ: ಇಷ್ಟು ದಪ್ಪ, ಇಷ್ಟು ಎತ್ತರ, ಇಷ್ಟು ಭಾಗ ಕೊರೆದು ತೆಗೆ ಎಂದು ಕಂಪ್ಯೂಟರಿಗೆ ಕೋಡಿನ ಸಾಲು ಕೊಟ್ಟರೆ ತ್ರೀಡಿ ಪ್ರಿಂಟರ್ ಮಿಕ್ಸಿಯ ಗುಂಡಿಯನ್ನೋ ಚೆಸ್ಸಿನ ಕಾಯಿಯನ್ನೋ ಅಚ್ಚು ಹಾಕುತ್ತದೆ. ಏನೇ ಬರೆಯಲಿ, ಈಚೆಯಿಂದ ಆಚೆಗೆ ತೂತು ಕೊರೆಯುವ ಸಾಲೊಂದು ಖಾಯಂ. "ಚೆಸ್ಸಿನ ಕುದುರೆಗೆ ತೂತು ಯಾಕೆ ಮಾರಾಯ?" ಎಂದು ಗಿರಾಕಿಗಳು ನಕ್ಕರೆ, "ಗಾಳಿ ಹೋಗ್ಲಿಕ್ಕೆ ದಾರಿ ಬೇಕಲ್ಲ, ಮಕ್ಕಳಿರುವ ಮನೆ," ಎಂದು ಅದನ್ನು ಊದಿ ನೋಡಿಯೇ ಕೊಡುತ್ತಾನೆ. ಆದರೂ ಜೀವ ತಡೆಯದೆ, ಮಾರಿದ ಕುದುರೆಯನ್ನು ಮತ್ತೆ ಊದಲು ಬೆಳ್ತಂಗಡಿಯ ಬಸ್ಸು ಹತ್ತಿದ್ದೂ ಉಂಟು. ಆ ಸಾಲು ಬಿಟ್ಟುಹೋಯಿತೇನೋ ಎಂದು ಬೆವರುತ್ತ ಅರ್ಧ ಊಟಕ್ಕೆ ಎದ್ದು ಪ್ರಿಂಟರಿನ ಬಳಿ ಓಡಿದರೆ, ಮಗಳು ಫಾಹಿಮಾ ಹಿಂದೆಯೇ ಬರುತ್ತಾಳೆ, ಗೋಲಿ ಗಂಟಲಲ್ಲಿ ಸಿಕ್ಕಿದ ದಿನ ಡಾಕ್ಟರು ತನ್ನ ಕುತ್ತಿಗೆಯಲ್ಲಿ ಕೊರೆದ, ಇನ್ನೂ ಮಾಯದ ತೂತನ್ನು, ಸ್ವರ ಹೊರಡಲೆಂದು, ಬೆರಳಿನಿಂದ ಮುಚ್ಚಿ ಹೇಳುತ್ತಾಳೆ: "ಗಾಳಿ ಹೋಗ್ತದೆ ಉಪ್ಪಾ. ಊಟಕ್ಕೆ ಬನ್ನಿ."