ಕೆಂಪಮ್ಮನ ರಾಗಟೆ

ದೆವ್ವ, ಶಾಪ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾಡಲು ಕೆಲಸವಿಲ್ಲವೇ ಎಂದು ಮುಖಕ್ಕೇ ಕೇಳಿಬಿಡುತ್ತಿದ್ದೆ. ಈಗ ಕೇಳಲು ಬಾಯಿ ಬರುವುದಿಲ್ಲ. ನೀವು ನಗುವುದಾದರೆ ನಗಿ.

ಜಪಾನಿನ ಹೆಂಗಸರ ಹಳೆಯ ಮುಡಿಯೊಡವೆಗಳನ್ನು ಮೊಬೈಲಿನಲ್ಲಿ ನೋಡಿ ಮರುಳಾದವಳು ನಾನು. ಅವು ಕೈಗೆಟುಕುವಂಥವಲ್ಲ. ನಮ್ಮ ಕಡೆಯ ಜಡೆಬಿಲ್ಲೆ, ನಾಗರ, ರಾಗಟೆಗಳನ್ನೇ ಕೂಡಿಡತೊಡಗಿದೆ. ತಿಪಟೂರಿನ ನಮ್ಮ ಮನೆಯಲ್ಲಿ ಅವಕ್ಕೆಂದೇ ಗಾಜಿನ ಬೀರು ಇದೆ.

ನಾಲ್ಕು ವರ್ಷದ ಹಿಂದೆ ದಂಡಿನಶಿವರದ ಕಡೆಯ ತೋಟದ ಮನೆಯೊಂದರಿಂದ, ಅತ್ತೆಯ ಹಳೆಯ ರಾಗಟೆ ಮಾರುವುದಿದೆ ಎಂದು ಆ ಮನೆಯ ಸೊಸೆಯ ಫೋನ್ ಬಂತು. ಹೋದೆ. ಮುದುಕಿ ಕೆಂಪಮ್ಮ ಹಾಸಿಗೆ ಹಿಡಿದಿದ್ದಳು. ಬಿಳಿ ಕೂದಲಿನ ಸಣ್ಣ ಗಂಟಿಗೆ ಕೆಂಪು ಕಲ್ಲಿನ ದುಂಡನೆಯ ರಾಗಟೆಯನ್ನು ದಾರ ಸುತ್ತಿ ಸುತ್ತಿ ಬಿಗಿದುಕೊಂಡಿದ್ದಳು. ಅಂಥ ಕುಸುರಿ ನಾನು ನೋಡಿರಲಿಲ್ಲ. ಬಾಯಲ್ಲಿ ನೀರೂರಿತು.

"ಬುಡವ್ವ, ಮುತ್ತೈದೆಯಾಗಿ ಹೋಗೋವಾಗ ಇದು ನನ್ ತಲೇಲಿರ್ಬೇಕು," ಎಂದು ಮುದುಕಿ ತಲೆ ಮುಚ್ಚಿಕೊಂಡಳು.

"ಇರೋದು ನಾಕೆಳೆ ಕೂದ್ಲು, ಸಿಂಗಾರ ನೋಡ್ರಕ್ಕ!" ಎಂದು ಸೊಸೆ ನಕ್ಕಳು. ನಾನೂ ನಕ್ಕೆ. ಗಂಟು ಬಿಚ್ಚಲಾಗಲಿಲ್ಲ. ಸೊಸೆ ಕೊಬ್ಬರಿ ಚೀಲದ ದಾರ ಕತ್ತರಿಸುವ ಕತ್ತರಿ ತಂದಳು. "ವಸಿ ಕೈ ಹಿಡ್ಕಳ್ರಕ್ಕ" ಎಂದಳು. ಮುದುಕಿಯ ಎರಡೂ ಕೈ ಹಿಡಿದುಕೊಂಡೆ. ಸೊಸೆ ಕೂದಲ ಗಂಟನ್ನು ಬುಡಕ್ಕೇ ಕತ್ತರಿಸಿದಳು. "ಕಲ್ಲು ಹುಷಾರು" ಎಂದೆ ನಾನು. ಥೂ, ನನ್ನ ಜನ್ಮಕ್ಕಿಷ್ಟು!

ಮನೆಗೆ ತಂದು ಬಿಳಿ ಎಳೆಗಳನ್ನೆಲ್ಲ ಬಿಡಿಸಿ, ಅಂಟುವಾಳದ ನೀರಲ್ಲಿ ತೊಳೆದು, ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೆಳಿಗ್ಗೆ ನೋಡಿದರೆ ರಾಗಟೆಯ ಹಿಂದಿನ ಕೊಂಡಿಗೆ ಕೂದಲು ಸುತ್ತಿಕೊಂಡಿತ್ತು. ಕಪ್ಪು ಕೂದಲು, ಮೊಳದುದ್ದ, ಎಣ್ಣೆ ಹಚ್ಚಿದ್ದು. ನನ್ನದು ಮೋಟು ನರೆಗೂದಲು. ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಬೀಗದ ಕೈ ನನ್ನ ಹತ್ತಿರವೇ ಇತ್ತು. ಕಿತ್ತೆಸೆದೆ. ಮರುದಿನವೂ ಹಾಗೆಯೇ. ಮೂರನೆಯ ದಿನ ಕೀಳುವ ಧೈರ್ಯವಾಗದೆ, ಇದ್ದಂತೆಯೇ ಎತ್ತಿಕೊಂಡು ಬಸ್ಸು ಹತ್ತಿದೆ.

ಕೆಂಪಮ್ಮ ತಲೆಗೆ ಟವೆಲು ಸುತ್ತಿಕೊಂಡು ಮಲಗಿದ್ದಳು. "ತಪ್ಪಾಯ್ತಮ್ಮ, ತಗೊಳ್ಳಿ" ಎಂದು ಕೈಗಿಟ್ಟೆ. ತಿರುವಿ ನೋಡಿ, ಆ ಕಪ್ಪು ಎಳೆಯನ್ನು ಬೆರಳಿಂದ ಸವರಿದಳು. ಆಮೇಲೆ ಕೆಂಡ ಮುಟ್ಟಿದವಳ ಹಾಗೆ ನನ್ನ ಮಡಿಲಿಗೆ ಎಸೆದುಬಿಟ್ಟಳು.

"ಇದು ನಂದಲ್ಲ ಕಣವ್ವ. ನನ್ ಕೂದ್ಲು ಬೆಳ್ಳಗಿತ್ತು. ಈಗ ಇನ್ಯಾವ ಹೆಣ್ಮಗಳ ಕೂದ್ಲು ಕುಯ್ಕಂಡ್ ಬಂದೆ?"

ಇಲ್ಲ ಎಂದು ಆಣೆಯಿಟ್ಟೆ. ನಂಬಲಿಲ್ಲ, ಯಾಕೆ ನಂಬಬೇಕು? ಆ ಕೂದಲು ಯಾರದೋ, ಬೀಗ ಹಾಕಿದ ಬೀರುವಿನೊಳಗೆ ಹೇಗೆ ಬಂತೋ, ಇವತ್ತಿಗೂ ನನಗೆ ತಿಳಿಯದು.

ಹದಿನೈದು ದಿನಕ್ಕೆ ಕೆಂಪಮ್ಮ ತೀರಿಕೊಂಡಳು. ಸುದ್ದಿ ಕೇಳಿ ರಾಗಟೆ ಹಿಡಿದು ಓಡಿದೆ. ಅರಿಸಿನ ಹಚ್ಚಿ, ಕುಂಕುಮವಿಟ್ಟು ಕೂರಿಸಿದ್ದರು. ರಾಗಟೆ ಕಟ್ಟಲು ತಲೆಯಲ್ಲಿ ಕೂದಲಿರಲಿಲ್ಲ.