ಕದರಪ್ಪನ ಬಲಗೆನ್ನೆ

ಕದರಪ್ಪ ಮಧುಗಿರಿಯಿಂದ ಪಾವಗಡಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ವಯಸ್ಸು ನಲವತ್ತೆಂಟು. ಎಡಗಡೆಯಿಂದ ನೋಡಿದವರು ಇನ್ನೂ ಐದಾರು ವರ್ಷ ಕಡಿಮೆಯೇ ಹೇಳುತ್ತಿದ್ದರು. ಬಲಗಡೆಯಿಂದ ನೋಡಿದವರು ಎಪ್ಪತ್ತಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ.

ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ, ರಸ್ತೆಯೇ ಹಾಗಿತ್ತು. ಬೆಳಿಗ್ಗೆ ಬಸ್ಸು ಉತ್ತರಕ್ಕೆ ಹೊರಟರೆ ಸೂರ್ಯ ಡ್ರೈವರಿನ ಬಲಗಡೆ ಕಿಟಕಿಯಲ್ಲಿ ಹುಟ್ಟುತ್ತಾನೆ. ಊಟ ಮುಗಿಸಿ ಪಾವಗಡದಿಂದ ವಾಪಸು ಹೊರಡುವ ಹೊತ್ತಿಗೆ ಸೂರ್ಯನೂ ಆಕಾಶದಲ್ಲಿ ಪಶ್ಚಿಮಕ್ಕೆ ವಾಲಿ, ಮತ್ತೆ ಅದೇ ಕಿಟಕಿಗೆ ಬಂದಿರುತ್ತಾನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕದರಪ್ಪನ ಬಲಗೆನ್ನೆ ಆ ಬಿಸಿಲನ್ನು ಒಂದು ದಿನವೂ ತಪ್ಪಿಸಿಕೊಳ್ಳದೆ ತಿಂದಿತ್ತು. ಕಣ್ಣಿನ ಪಕ್ಕದಿಂದ ಕಿವಿಯವರೆಗೆ ಒಣಗಿದ ಕೆರೆಯಂಗಳದಂತೆ ಬಿರುಕು, ಅದರ ಕೆಳಗೆ ಜೋತುಬಿದ್ದ ಚರ್ಮ. ಕಿಟಕಿಯ ಮೇಲಿಡುವ ಬಲಗೈ ಒಲೆಯಿಂದ ಎಳೆದ ಸೌದೆಯಂತಿತ್ತು. ಎಡಗೆನ್ನೆ ಮಾತ್ರ ನುಣ್ಣಗೆ, ಮದುವೆಯ ದಿನ ಹೇಗಿತ್ತೋ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು. ಹೆಂಡತಿ ರಾಧಾಮಣಿ ಮೊದಲಿನಿಂದಲೂ ಅವನ ಎಡಕ್ಕೇ ಮಲಗುವವಳು. ಗಂಡನಿಗೆ ವಯಸ್ಸಾದದ್ದು ಅವಳ ಗಮನಕ್ಕೆ ಅಷ್ಟಾಗಿ ಬಂದಿರಲಿಲ್ಲ.

ತೊಂದರೆ ಶುರುವಾದದ್ದು ಮಗಳು ರಂಜಿತಾಳನ್ನು ನೋಡಲು ಕಳ್ಳಂಬೆಳ್ಳದವರು ಬಂದಾಗ. ಹುಡುಗ ಕರೆಂಟು ಲೈನ್‌ಮನ್. ಜೊತೆಗೆ ಅವನ ತಾಯಿ ಗಂಗಾಲಕ್ಷ್ಮಿ, ತಾತ ಚನ್ನಮಲ್ಲಯ್ಯ, ಮತ್ತೆ ನಾಲ್ಕು ಜನ. ಗಂಡಸರು ಬಲಗಡೆ ಬೆಂಚಿನ ಮೇಲೆ, ಹೆಂಗಸರು ಎಡಗಡೆ ಚಾಪೆಯ ಮೇಲೆ ಕೂತರು. ಕದರಪ್ಪ ನಡುವೆ ಕುರ್ಚಿ ಹಾಕಿಕೊಂಡು, ಮಗಳು ಕಾಫಿ ತರುವ ಅಡುಗೆಮನೆ ಬಾಗಿಲನ್ನೇ ನೋಡುತ್ತ ನಾಚಿಕೆಯಿಂದ ಕೂತಿದ್ದ. ಕತ್ತು ಆ ಕಡೆಗೂ ತಿರುಗಿಸಲಿಲ್ಲ, ಈ ಕಡೆಗೂ ತಿರುಗಿಸಲಿಲ್ಲ. ಹುಡುಗ ಹುಡುಗಿ ಒಪ್ಪಿದರು. ಉಪ್ಪಿಟ್ಟು ಖಾಲಿಯಾಯಿತು. ಎಲ್ಲರೂ ಸಂತೋಷವಾಗಿಯೇ ಹೊರಟರು.

ಜಗಳ ಹತ್ತಿದ್ದು ದಾರಿಯಲ್ಲಿ, ಕಾರಿನೊಳಗೆ. ಬೀಗರು ನನಗಿಂತ ಹಣ್ಣಾಗಿದ್ದಾರೆ, ಧಾರೆ ಎರೆಯುವ ತನಕ ಇರುತ್ತಾರೋ ಇಲ್ಲವೋ ಎಂದು ಚನ್ನಮಲ್ಲಯ್ಯ ಮರುಗಿದ. ಯಾವ ಹಣ್ಣು, ಆ ಮನುಷ್ಯ ಇನ್ನೂ ಹುಡುಗನಂತಿದ್ದಾನೆ, ಅವನಿಗೆ ಇಷ್ಟು ದೊಡ್ಡ ಮಗಳು ಹೇಗೆ ಬಂದಳು ಎನ್ನುವುದೇ ನನ್ನ ಅನುಮಾನ ಎಂದಳು ಗಂಗಾಲಕ್ಷ್ಮಿ. ಸಿರಾ ದಾಟುವವರೆಗೂ ವಾದ ನಡೆಯಿತು. ಮಾವನ ಕಣ್ಣಿಗೆ ಪೊರೆ ಬಂದಿದೆ ಎಂದು ಸೊಸೆ, ಸೊಸೆಗೆ ಸಕ್ಕರೆ ಕಾಯಿಲೆ ತಲೆಗೇರಿದೆ ಎಂದು ಮಾವ. ಕೊನೆಗೆ ಇಬ್ಬರೂ ಒಂದು ವಿಷಯಕ್ಕೆ ಒಪ್ಪಿದರು. ಆ ಮನೆಯಲ್ಲಿ ಇಬ್ಬರು ಗಂಡಸರಿದ್ದಾರೆ, ಒಬ್ಬರನ್ನು ನಮಗೆ ಪರಿಚಯ ಮಾಡಿಕೊಡಲಿಲ್ಲ.

ಮಾರನೆಯ ದಿನ ಮದುವೆ ದಲ್ಲಾಳಿಯ ಫೋನು ಬಂತು. ಮುಂದಿನ ಸೋಮವಾರ ಮತ್ತೆ ಬರುತ್ತಾರೆ, ಹಿರಿಯರನ್ನೂ ಕಿರಿಯರನ್ನೂ ಜೊತೆಯಾಗಿ ಕೂರಿಸಬೇಕಂತೆ. ಯಾವ ಹಿರಿಯರು ಎಂದು ರಾಧಾಮಣಿ ಕೇಳಿದಳು. ಕುರ್ಚಿ ಮೇಲೆ ಕೂತಿದ್ದರಲ್ಲ, ಅವರು ಎಂದಿತು ಉತ್ತರ. ಕಿರಿಯರು ಯಾರು ಎಂದರೆ ಅವರೂ ಕುರ್ಚಿ ಮೇಲೆ ಕೂತವರೇ. ಅವಳು ಫೋನಿಟ್ಟು ಗಂಡನನ್ನು ಬೆಳಕಿಗೆ ನಿಲ್ಲಿಸಿ, ಮೊದಲ ಸಲ ಅವನ ಸುತ್ತ ಒಂದು ಸುತ್ತು ಬಂದಳು. ಸಾವಕಾಶವಾಗಿ ತಲೆ ಮೇಲೆ ಕೈ ಹೊತ್ತು ಕೂತಳು.

ಆ ವಾರವೇ ಕದರಪ್ಪ ಬಸ್ಸಿನ ಸೀಟು ಹೊಲಿಸಲು ಸಿರಾಕ್ಕೆ ಹೋಗಬೇಕಿತ್ತು. ಅಲ್ಲಿ ಹಬೀಬ್ ಸಾಬ್ ಎಂಬ ಹಳೇ ಸ್ನೇಹಿತ ರೆಕ್ಸಿನ್ ಕೆಲಸ ಮಾಡುತ್ತಾನೆ. ಬಸ್ಸಿಗೂ ಡ್ರೈವರಿನದೇ ಗತಿಯಾಗಿತ್ತು. ಬಲಗಡೆ ಸೀಟುಗಳು ಮಾತ್ರ ಹಪ್ಪಳದಂತೆ ಒಡೆದಿದ್ದವು, ಆ ಕಡೆಯ ಪರದೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಕದರಪ್ಪ ತನ್ನ ಕಷ್ಟ ಹೇಳಿಕೊಂಡ. ಹಬೀಬ್ ಸಾಬ್ ಒಡೆದ ರೆಕ್ಸಿನ್ನನ್ನೂ ಅವನ ಕೆನ್ನೆಯನ್ನೂ ಒಂದೇ ಬೆರಳಿನಿಂದ ಒತ್ತಿ ನೋಡಿದ.

"ಎರಡೂ ಒಂದೇ ಕೇಸು, ಕದರಣ್ಣ," ಎಂದ. "ರೆಕ್ಸಿನ್ನಾಗೆ ಎಣ್ಣೆ ಥರ ಒಂದು ಮಾಲ್ ಹಾಕಿರ್ತಾರೆ, ಅದಕ್ಕೇ ಮೆತ್ತಗಿರೋದು. ಬಿಸಿಲು ದಿನಾ ಕಾಯ್ಸಿ ಕಾಯ್ಸಿ ಅದನ್ನ ಹೀರ್ಬುಡ್ತದೆ, ಆಮೇಲೆ ಪಟಪಟ ಅಂತ ಒಡೀತದೆ. ನಿನ್ನ ಚರ್ಮದಾಗೂ ಒಳಗೆ ನಾರು ಇರ್ತದಂತೆ, ನಮ್ಮ ಮಗಳು ಮಹಜಬೀನ್ ಓದಿ ಹೇಳ್ತಿದ್ಲು. ಅದು ಹೋದ್ರೆ ಹೋಯ್ತು. ಸೀಟಾದ್ರೆ ಹೊಸಾದು ಹೊಲೀತೀನಿ. ನಿನ್ನ ಮುಖಕ್ಕೆ ಎಲ್ಲಿ ಸೂಜಿ ಹಾಕ್ಲಿ?"

ಹೊಲಿಯಲಾಗದಿದ್ದರೆ ಸಮ ಮಾಡಬಹುದಲ್ಲ ಎಂದು ಕದರಪ್ಪನಿಗೆ ಹೊಳೆಯಿತು. ಭಾನುವಾರ ತಾರಸಿಯ ಮೇಲೆ ಚಾಪೆ ಹಾಸಿ, ಬಲಗೆನ್ನೆಗೆ ಟವೆಲ್ ಸುತ್ತಿ, ಎಡಗೆನ್ನೆಯನ್ನು ಏಪ್ರಿಲ್ ಬಿಸಿಲಿಗೆ ಒಡ್ಡಿ ಮಲಗಿದ. ಇಪ್ಪತ್ತು ವರ್ಷದ ಬಾಕಿಯನ್ನು ಒಂದೇ ಮಧ್ಯಾಹ್ನ ತೀರಿಸುವ ಆತುರ. ನಿದ್ದೆಯೂ ಬಂತು. ಒಗೆದ ಬಟ್ಟೆ ಒಣಹಾಕಲು ರಾಧಾಮಣಿ ಮೇಲೆ ಬಂದಾಗ ಗಂಡನ ಎಡಗಡೆ ಸುಟ್ಟ ಬದನೆಕಾಯಿಯಾಗಿತ್ತು. ಮುದುಕ ಮಾಡಲು ಹೋದ ಕೆನ್ನೆ ಮುದುಕನಾಗಲಿಲ್ಲ, ಊದಿಕೊಂಡು ಇನ್ನಷ್ಟು ನುಣುಪಾಗಿ ಮಿರಮಿರ ಮಿಂಚುತ್ತಿತ್ತು. ಅವಳು ಲೋಳೆಸರ ಹಚ್ಚುತ್ತ, ಇದ್ದ ಒಂದು ಒಳ್ಳೇ ಕೆನ್ನೆಯನ್ನೂ ಹಾಳು ಮಾಡಿಕೊಂಡಿರಿ ಎಂದು ಸಂಜೆಯವರೆಗೆ ಬೈದಳು.

ಸೋಮವಾರ ಕಳ್ಳಂಬೆಳ್ಳದವರು ಬಂದರು. ಹೋದ ಸಲದ ಜಾಗದಲ್ಲೇ ಕೂತರು. ಕುರ್ಚಿಯಲ್ಲಿ ಒಬ್ಬನೇ ಇರುವುದನ್ನು ಕಂಡು ಮುಖ ಗಂಟಿಕ್ಕಿದರು. ಚನ್ನಮಲ್ಲಯ್ಯ ಗಂಟಲು ಸರಿಮಾಡಿಕೊಂಡು ಹುಡುಗಿಯ ತಂದೆ ಎಲ್ಲಿ ಎಂದು ಕೇಳಿದ. ಅದೇ ಉಸಿರಿಗೆ ಗಂಗಾಲಕ್ಷ್ಮಿ ಆ ಕಡೆಯಿಂದ, ಹಿರಿಯರು ಎಲ್ಲಿ ಎಂದಳು.

ರಾಧಾಮಣಿ ಸೆರಗು ಸಿಕ್ಕಿಸಿಕೊಂಡು ಬಂದು ಗಂಡನ ಗಲ್ಲ ಹಿಡಿದಳು. ಬಲಗೆನ್ನೆ ಹೆಂಗಸರ ಕಡೆ ಬರುವಂತೆ ತಿರುಗಿಸಿದಳು.

"ನೋಡ್ಕಳ್ರಮ್ಮ, ಇವ್ರೇ ಹಿರೀರು."

ಮತ್ತೆ ಎಡಗೆನ್ನೆಯನ್ನು ಗಂಡಸರ ಕಡೆಗೆ ತಿರುಗಿಸಿದಳು.

"ಇವ್ರು ಹುಡುಗಿ ಅಪ್ಪ. ನಿನ್ನೆ ಬಿಸ್ಲಾಗೆ ಒಸಿ ಬೆಂದವ್ರೆ. ನಮ್ಮನೇಲಿ ಇರೋದೆಲ್ಲ ಇಷ್ಟೇ ಕಣಪ್ಪ."

ಚನ್ನಮಲ್ಲಯ್ಯ ಎದ್ದು, ಸಂತೆಯಲ್ಲಿ ಎತ್ತು ನೋಡುವವನಂತೆ ಕುರ್ಚಿಯ ಸುತ್ತ ನಿಧಾನವಾಗಿ ನಡೆದ. ಎಡಕ್ಕೆ ನಿಂತ, ಬಲಕ್ಕೆ ನಿಂತ, ಎದುರಿಗೆ ಬಂದು ಒಂದು ಕೈಯಿಂದ ಅರ್ಧ ಮುಖ ಮುಚ್ಚಿ ನೋಡಿದ. ಆಮೇಲೆ ಸೊಸೆಯ ಕಡೆ ತಿರುಗಿ, "ಲೇ ಗಂಗೂ, ನೀನು ಹೇಳಿದ್ದೂ ದಿಟ ಕಣಮ್ಮ," ಎಂದ. ಅವರ ಮನೆಯಲ್ಲಿ ಮಾವ ಸೊಸೆಯ ಮಾತು ಒಪ್ಪಿದ್ದು ಅದೇ ಮೊದಲಂತೆ. ಗಂಗಾಲಕ್ಷ್ಮಿಗೆ ನಗು ತಡೆಯಲಾಗದೆ ಕಾಫಿ ನೆತ್ತಿಗೇರಿತು. ಅಡುಗೆಮನೆಯಲ್ಲಿ ರಂಜಿತಾ ನೆಲದ ಮೇಲೆ ಕೂತು ನಗುತ್ತಿದ್ದಳು. ಕದರಪ್ಪನೂ ನಕ್ಕ, ಆದರೆ ಎಡಗೆನ್ನೆ ಉರಿಯುತ್ತಿದ್ದದ್ದರಿಂದ ಬಲಗಡೆ ಮಾತ್ರ.

ಜೂನ್‌ನಲ್ಲಿ ಮದುವೆ ಆಯಿತು. ಫೋಟೊ ತೆಗೆಯುವವನು ಬೀಗರನ್ನೆಲ್ಲ ಪಕ್ಕಪಕ್ಕ ನಿಲ್ಲಿಸಿದಾಗ, ಕದರಪ್ಪನನ್ನು ಯಾವ ಕಡೆ ನಿಲ್ಲಿಸಬೇಕೆಂದು ಎರಡೂ ಮನೆಯವರು ಚರ್ಚೆಗೆ ಇಳಿದು ಊಟದ ಪಂಕ್ತಿ ತಡವಾಯಿತು. ಕೊನೆಗೆ ಚನ್ನಮಲ್ಲಯ್ಯನೇ ಬಂದು ಅವನ ಬಲಕ್ಕೆ ನಿಂತ. ವಯಸ್ಸಾದವರು ಒಂದು ಕಡೆ ಇರಲಿ ಎಂಬುದು ಅವನ ವಾದ.

ರಂಜಿತಾ ಗಂಡನ ಮನೆಗೆ ಹೊರಡುವ ಮುಂಚೆ ಅಪ್ಪನಿಗೆ ಬಿಸಿಲಿಗೆ ಹಚ್ಚುವ ಕ್ರೀಮು, ತೋಳುದ್ದದ ಬಿಳಿ ಕೈಗವಸು ಕೊಟ್ಟಳು. ಅವನು ಅಳುತ್ತಲೇ ತೆಗೆದುಕೊಂಡ. ಈಗ ದಿನಾ ಬೆಳಿಗ್ಗೆ ದಪ್ಪಗೆ ಕ್ರೀಮು ಬಳಿದುಕೊಂಡು ಸ್ಟಿಯರಿಂಗ್ ಹಿಡಿಯುತ್ತಾನೆ. ಮಿಡಿಗೇಶಿ ದಾಟುವಷ್ಟರಲ್ಲಿ ರಸ್ತೆಯ ಧೂಳೆಲ್ಲ ಅದಕ್ಕೆ ಅಂಟಿಕೊಂಡು ಮುಖ ಕೆಂಪು ಮಣ್ಣಿನ ಗೋಡೆಯಾಗಿರುತ್ತದೆ. ಪಾವಗಡದ ಬಸ್‌ಸ್ಟ್ಯಾಂಡಿನಲ್ಲಿ ಅವನು ಇಳಿದು ನಲ್ಲಿಯ ಹತ್ತಿರ ಹೋಗಿ ತೊಳೆದುಕೊಳ್ಳುವವರೆಗೆ, ಅವನ ವಯಸ್ಸು ಎಷ್ಟೆಂದು ಯಾವ ಕಡೆಯಿಂದಲೂ ಯಾರಿಗೂ ಹೇಳಲಾಗುವುದಿಲ್ಲ.